ಸೈಕಲ್ಲಿನ ಚೈನು ಮತ್ತು ಅದನ್ನು ಬಿಚ್ಚುವ ಉಪಕರಣ
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾಸಂಸ್ಥೆಯ ವೇದಿಕೆಯಿಂದ ಸೈಕಲ್ ಚೈನಿನ ಮಾತೇಕೆಂದು ತಾವು ಕೇಳಬಹುದು. ಹನ್ನೊಂದನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ತಮಿಳುನಾಡು ಸರ್ಕಾರವು ನಡೆಸಿಕೊಂಡು ಬಂದಿರುವುದರಿಂದ, ಅವಿನಾಶಿಯ ಸುತ್ತಿನ ಅನೇಕ ಕನ್ನಡ ಮನೆಗಳ ಜಗಲಿಯಲ್ಲಿಯೂ ಸೈಕಲ್ ನಿಂತಿದೆ. ಆದರೆ ಅದನ್ನು ಸುಸ್ಥಿತಿಯಲ್ಲಿಡುವ ವಿದ್ಯೆ ಅದರೊಡನೆ ಬರಲಿಲ್ಲ. ಚೈನು ಹರಿದ ದಿನ ಹುಡುಗಿಗೆ ಪಾಠ ತಪ್ಪುತ್ತದೆ. ಮತ್ತೊಮ್ಮೆ ಹರಿದರೆ, ಹೆಣ್ಣುಮಗಳನ್ನು ಅಷ್ಟು ದೂರ ಒಬ್ಬಳೇ ಕಳುಹಿಸುವುದೇಕೆಂಬ ಮಾತು ಮನೆಯಲ್ಲಿ ಏಳುತ್ತದೆ. ಪೆಡಲಿನ ಮೇಲೆ ಎದ್ದು ನಿಂತು ಏರು ಹತ್ತುವಾಗ ಹರಿದರಂತೂ ಬೀಳುವುದು ತಿರುಪ್ಪೂರು ರಸ್ತೆಯ ಲಾರಿಗಳ ನಡುವೆ. ಆದುದರಿಂದ ಇದನ್ನು ಶಾಲೆಯ ವಿಷಯವೆಂದೇ ನಾವು ಬಗೆಯುತ್ತೇವೆ.

ಇಂದು ನಾವು ಕಾಣುವ ರೋಲರು ಚೈನನ್ನು ೧೮೮೦ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡನೆಂಬ ಸ್ವಿಸ್ ಮೂಲದ ಯಂತ್ರಶಿಲ್ಪಿಯು ರೂಪಿಸಿದನು. ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಅರ್ಧ ಅಂಗುಲ. ಊರಿನ ಸಾಧಾರಣ ಸೈಕಲ್ಲಿಗೂ ಹನ್ನೊಂದು ಗೇರಿನ ಬೆಲೆಯುಳ್ಳ ಸೈಕಲ್ಲಿಗೂ ಈ ಅಳತೆ ಒಂದೇ. ವ್ಯತ್ಯಾಸವಿರುವುದು ಅಗಲದಲ್ಲಿ. ಸಾಧಾರಣ ಸೈಕಲ್ಲಿನ ಚೈನಿಗೆ ಒಳಪಟ್ಟಿಗಳ ನಡುವೆ ಅಂಗುಲದ ಎಂಟನೆಯ ಒಂದು ಪಾಲು ಜಾಗ. ಹೊರಗಿನಿಂದ ಅಳೆದರೆ ಸುಮಾರು ೯ ಮಿಲಿಮೀಟರ್. ಹನ್ನೊಂದು ಗೇರಿನದು ಹೊರಗಿನ ಅಳತೆಗೆ ಐದೂವರೆಯ ಆಸುಪಾಸು. ಉಪಕರಣವನ್ನು ಕೊಳ್ಳುವವರು ಮೊದಲು ತಿಳಿಯತಕ್ಕದ್ದು ಇದನ್ನೇ.

ಅಂಗಡಿಯಲ್ಲಿ ಇದನ್ನು ‘ಚೈನ್ ಕಟ್ಟರ್’ ಎನ್ನುತ್ತಾರೆ. ಅದು ಏನನ್ನೂ ಕತ್ತರಿಸುವುದಿಲ್ಲವೆಂಬುದು ಬೇರೆ ಮಾತು. ಚೈನಿನ ಕೊಂಡಿಯನ್ನು ಕೂರಿಸಲು ಒಂದು ತೋಡು, ಅದಕ್ಕೆ ಎದುರಾಗಿ ಒಂದು ತಿರುಪು, ತಿರುಪಿನ ತುದಿಯಲ್ಲಿ ಗಡುಸಾದ ಮೊಳೆ, ಇಷ್ಟೇ ಅದರ ರಚನೆ. ತಿರುಪನ್ನು ತಿರುಗಿಸಿದಂತೆ ಮೊಳೆಯು ಚೈನಿನ ಪಿನ್ನನ್ನು ಹಿಂದಕ್ಕೆ ನೂಕುತ್ತದೆ. ನಟ್ಟಿನ ಮೇಲೆ ಚೈನನ್ನಿಟ್ಟು ಪಂಚು ಸುತ್ತಿಗೆಗಳಿಂದ ಇದೇ ಕೆಲಸವನ್ನು ಮಾಡುವ ಕುಶಲಿಗಳು ಉಂಟು. ಅವರ ಕೈಗೆ ನಮ್ಮ ನಮಸ್ಕಾರ. ಆದರೆ ಪಳಗದ ಕೈಗೆ ಏಟು ಓರೆಯಾಗಿ ಬಿದ್ದರೆ ಹೊರಪಟ್ಟಿ ಸೊಟ್ಟಗಾಗುತ್ತದೆ. ಸೊಟ್ಟಗಾದ ಪಟ್ಟಿಯೇ ಮುಂದೊಂದು ದಿನ ನಡುದಾರಿಯಲ್ಲಿ ಬಿಟ್ಟುಕೊಳ್ಳುವುದು.

ಕೊಳ್ಳಹೋಗುವಾಗ ತಮ್ಮ ಸೈಕಲ್ಲಿನ ಹಳೆಯ ಚೈನಿನದೊಂದು ತುಂಡನ್ನು ಒಯ್ಯಿರಿ. ಅದನ್ನು ತೋಡಿನಲ್ಲಿ ಕೂರಿಸಿ ನೋಡಿರಿ. ಗೇರ್ ಸೈಕಲ್ಲಿಗೆಂದೇ ಮಾಡಿದ ಇಕ್ಕಟ್ಟಾದ ತೋಡಿನಲ್ಲಿ ಊರ ಸೈಕಲ್ಲಿನ ಚೈನು ಕೂರುವುದೇ ಇಲ್ಲ. ಕೂತರೆ, ಮೊಳೆಯು ಪಿನ್ನನ್ನು ಮುಟ್ಟುವವರೆಗೆ ತಿರುಪನ್ನು ತಿರುಗಿಸಿ, ಅದು ನಟ್ಟನಡುವೆ ತಾಗುತ್ತದೆಯೇ, ತಿರುಪು ಅಲುಗಾಡುತ್ತದೆಯೇ ಎಂಬುದನ್ನು ಪರೀಕ್ಷಿಸಿರಿ. ಮೊಳೆಯು ಚೈನಿನ ಪಿನ್ನಿಗಿಂತ ಕೂದಲೆಳೆಯಷ್ಟು ಸಣ್ಣದಿರಬೇಕು; ಇಲ್ಲವಾದರೆ ಪಟ್ಟಿಯ ರಂಧ್ರದೊಳಗೆ ನುಗ್ಗದು. ಕೊಯಮತ್ತೂರಿನ ಎಲ್. ಜಿ. ಬಾಲಕೃಷ್ಣನ್ ಸೋದರರ ಕಂಪನಿಯ ‘ರೋಲಾನ್’ ಚೈನಿನಂಥ ಮೋಟಾರ್ ಸೈಕಲ್ ಚೈನುಗಳಿಗಾಗಿ ಮಾಡಿದ ಉಪಕರಣವೂ ಅಂಗಡಿಗಳಲ್ಲಿ ದೊರೆಯುತ್ತದೆ. ಗಟ್ಟಿಯಾಗಿದೆಯೆಂದು ಅದನ್ನು ತಂದರೆ ದಪ್ಪ ಮೊಳೆಯು ಸೈಕಲ್ ಚೈನಿಗೆ ಒಗ್ಗುವುದಿಲ್ಲ.

ಮೊಳೆಯನ್ನು ಬದಲಿಸಲು ಬರುವಂಥದ್ದನ್ನೇ ಆರಿಸತಕ್ಕದ್ದು, ಏಕೆಂದರೆ ಮೊದಲು ಮುರಿಯುವುದು ಅದೇ. ಜೇಬಿನಲ್ಲಿಡುವ ಮಡಿಸುವ ಉಪಕರಣವು ದಾರಿಯ ಆಪತ್ತಿಗೆ ಸರಿ. ಮನೆಯ ಕೆಲಸಕ್ಕೆ ಉದ್ದನೆಯ ಹಿಡಿಯುಳ್ಳ ದಪ್ಪ ಒಡಲಿನದೇ ಮೇಲು. ಹೊಳಪಿಗೆ ಹಣ ಕೊಡಬೇಡಿ.

ಇನ್ನು ಬಳಕೆ. ಪಿನ್ನನ್ನು ಪೂರ್ತಿ ಹೊರಕ್ಕೆ ನೂಕಬಾರದು. ದೂರದ ಹೊರಪಟ್ಟಿಯಲ್ಲಿ ಅದರ ತುದಿ ಕಚ್ಚಿಕೊಂಡಿರುವಂತೆಯೇ ನಿಲ್ಲಿಸಿದರೆ ಮರಳಿ ಕೂರಿಸಲು ಸುಲಭ. ಗೇರ್ ಸೈಕಲ್ಲುಗಳ ತೆಳು ಚೈನಿನಲ್ಲಾದರೋ ಒಮ್ಮೆ ತೆಗೆದ ಪಿನ್ನನ್ನು ಮತ್ತೆ ಹಾಕಲೇಬಾರದು. ಹೊಸ ಪಿನ್ನನ್ನೋ ಅದಕ್ಕೊಪ್ಪುವ ಜೋಡುಕೊಂಡಿಯನ್ನೋ ಬಳಸಬೇಕು. ಊರ ಸೈಕಲ್ಲಿನ ಚೈನಿಗೆ ಮೀನಿನಾಕಾರದ ಲಾಕು ಇರುತ್ತದಷ್ಟೆ. ಅದರ ಮುಚ್ಚಿದ ತಲೆಯು ಚೈನು ಚಲಿಸುವ ದಿಕ್ಕಿಗೆ ಇರಬೇಕು. ಈ ಲಾಕು ಇರುವಲ್ಲಿ ಚೈನನ್ನು ಕಳಚಲು ಇಕ್ಕಳವೊಂದೇ ಸಾಕು. ಹೊಸ ಚೈನನ್ನು ಮೋಟು ಮಾಡುವಾಗ, ಕೆಟ್ಟ ಕೊಂಡಿಯನ್ನು ತೆಗೆಯುವಾಗ ಮಾತ್ರ ಉಪಕರಣವು ಬೇಕಾಗುತ್ತದೆ. ಆದಕಾರಣ ಪ್ರತಿ ಮನೆಗೂ ಒಂದೊಂದು ಬೇಕಿಲ್ಲ. ಒಂದು ಬೀದಿಗೆ ಒಂದಿದ್ದು, ಅದನ್ನು ಎರವಲು ಕೊಡುವ ಮನಸ್ಸಿದ್ದರೆ ಆಯಿತು.

ಉಪಕರಣಕ್ಕಿಂತ ಮೊದಲು ಅಂಗುಲದ ಅಳತೆಪಟ್ಟಿಯೊಂದನ್ನು ಕೈಗೆತ್ತಿಕೊಳ್ಳಿರಿ. ಮಗ್ಗದ ಮನೆಗಳಲ್ಲಿ ಲಾಳಿಯ ಮೊನೆಯನ್ನು ಬೆರಳಾಡಿಸಿ ನೋಡುವವರಿಗೆ ಈ ಅಭ್ಯಾಸವು ಹೊಸದಲ್ಲ. ಹೊಸ ಚೈನಿನಲ್ಲಿ ಇಪ್ಪತ್ತನಾಲ್ಕು ಕೊಂಡಿಗಳು ಪಿನ್ನಿನಿಂದ ಪಿನ್ನಿಗೆ ಸರಿಯಾಗಿ ೧೨ ಅಂಗುಲ. ಅದಕ್ಕಿಂತ ಅಂಗುಲದ ಹದಿನಾರನೆಯ ಒಂದು ಪಾಲು ಹೆಚ್ಚಿದ್ದರೆ ಚೈನನ್ನು ಬದಲಿಸಬೇಕು. ಎಂಟನೆಯ ಒಂದು ಪಾಲು ಹೆಚ್ಚಿದ್ದರೆ ಹಲ್ಲಿನ ಚಕ್ರಗಳೂ ಸವೆದಿರುವ ಸಂಭವವುಂಟು, ಹೊಸ ಚೈನು ಅವುಗಳ ಮೇಲೆ ಜಾರುತ್ತದೆ. ಕೊಂಡಿಗಳು ಹಿಗ್ಗುವುದರಿಂದಲ್ಲ, ಪಿನ್ನುಗಳು ಒಳಗೆ ಸವೆಯುವುದರಿಂದ ಚೈನು ಉದ್ದವಾಗುತ್ತದೆ. ಹುಡುಗಿಯರೇ ಈ ಅಳತೆಯನ್ನು ಮಾಡಲಿ, ಸೈಕಲ್ ಅವರದು.

ಚಿತ್ತಿರೈ ತಿಂಗಳಲ್ಲಿ ಅವಿನಾಶಿಲಿಂಗೇಶ್ವರನ ದೊಡ್ಡ ತೇರು ಹೊರಟಾಗ ಗಾಲಿಗೆ ಮರದ ತುಂಡು ಕೊಟ್ಟು ಅದನ್ನು ದಾರಿಗೆ ತರುವವರನ್ನು ತಾವು ನೋಡಿದ್ದೀರಿ. ಅವರ ಕೈ ಪಳಗಿದ್ದು ತೇರಿನ ದಿನವಲ್ಲ. ಹಳೆಯ ಚೈನಿನ ಆ ತುಂಡನ್ನು ಬಿಸಾಡದೆ ಇಟ್ಟುಕೊಂಡು, ಮಕ್ಕಳು ಹತ್ತು ಬಾರಿ ಅದರ ಪಿನ್ನನ್ನು ತೆಗೆದು ಹಾಕಲಿ. ಬಿಗಿಯಾದ ಕೊಂಡಿಯನ್ನು ಎಡಬಲಕ್ಕೆ ಮಣಿಸಿ ಸಡಿಲಿಸುವುದನ್ನೂ ಅದರ ಮೇಲೆಯೇ ಕಲಿಯಲಿ. ಆಮೇಲೆ ಸೈಕಲ್ಲನ್ನು ಮುಟ್ಟಬಹುದು.