ಕ್ಷಯದಿಂದ ಗುಣಹೊಂದಿದವರ ದೇಹರಕ್ಷಣೆ



ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕೆಲಸವನ್ನಾರಂಭಿಸಿತು. ಕಾದ ಉಕ್ಕನ್ನು ನೀರಿಗದ್ದಿದರೆ ಅದು ಗಡುಸಾಗುವುದೆಂಬುದನ್ನು ಭದ್ರೆಯ ದಡದವರೂ ತುಂಗೆಯ ದಡದ ಶಿವಮೊಗ್ಗೆಯವರೂ ಬಲ್ಲರು. ಮನುಷ್ಯದೇಹವೂ ರೋಗವೆಂಬ ಬೆಂಕಿಯನ್ನು ದಾಟಿದ ಮೇಲೆ ಹಾಗೆಯೇ ಗಟ್ಟಿಯಾಗುವುದೆಂದು ಜನರು ಭಾವಿಸುವುದುಂಟು. ದಡಾರದ ಮಟ್ಟಿಗೆ ಇದು ದಿಟ. ಅದು ಒಮ್ಮೆ ಬಂದುಹೋದರೆ ಪ್ರಾಯಶಃ ಮತ್ತೆ ಬಾರದು. ಕ್ಷಯದ ಮಟ್ಟಿಗೆ ಈ ಭಾವನೆ ತಪ್ಪು. ತಪ್ಪು ಮಾತ್ರವಲ್ಲ, ಅಪಾಯಕರವೂ ಹೌದು.

ಹೇಗೆಂದರೆ, ಕ್ಷಯದ ಸೂಕ್ಷ್ಮಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ ಎಂಬ ವೈದ್ಯನು ೧೮೮೨ನೆಯ ಮಾರ್ಚಿ ೨೪ರಂದು ಲೋಕಕ್ಕೆ ತಿಳಿಸಿದನು. ಅದು ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕಾಗ ಅಲ್ಲಿಯ ಭಕ್ಷಕಕಣಗಳು ಅದನ್ನು ನುಂಗುವುವು. ಆದರೆ ಮೇಣದಂಥ ಹೊದಿಕೆಯುಳ್ಳ ಆ ಅಣುವು ನುಂಗಿದ ಕಣದೊಳಗೇ ಬದುಕಬಲ್ಲದು. ಆಗ ದೇಹವು ಬೇರೆ ರಕ್ಷಕಕಣಗಳನ್ನು ಕೂಡಿಸಿ, ಸುತ್ತಲೂ ಗೋಡೆ ಕಟ್ಟಿ, ಶತ್ರುವನ್ನು ಸೆರೆಯಲ್ಲಿಡುವುದು. ಬಹುಜನರಲ್ಲಿ ಈ ಸೆರೆಯು ಜನ್ಮವಿಡೀ ನಿಲ್ಲುವುದು. ಪುಷ್ಟಿ ಕುಂದಿದರೆ, ಸಿಹಿಮೂತ್ರರೋಗವಿದ್ದರೆ, ಕಲ್ಲಿನ ಧೂಳು ಎದೆಯಲ್ಲಿ ನೆಲೆಸಿದರೆ ಗೋಡೆಯು ಬಿರಿಯುವುದು.

ಆರು ತಿಂಗಳ ಔಷಧದಿಂದ ಗುಣವಾದವರ ದೇಹದಲ್ಲಿ ಈ ಹೋರಾಟದ ನೆನಪು ಉಳಿಯುವುದು. ಆದಕಾರಣವೇ ತೋಳಿನ ಚರ್ಮದ ಪರೀಕ್ಷೆಯು ವರ್ಷಗಳ ಮೇಲೂ ಊತವನ್ನು ತೋರಿಸಬಹುದು. ಆದರೆ ನೆನಪು ಬೇರೆ, ರಕ್ಷಣೆ ಬೇರೆ. ಶ್ವಾಸಕೋಶದಲ್ಲಿ ಗಾಯದ ಕಲೆಗಳು ಉಳಿದಿರುತ್ತವೆ. ರಕ್ಷಕಕಣಗಳ ನಡತೆಯೂ ಕೆಲವರಲ್ಲಿ ಬಹುಕಾಲ ಮೊದಲಿನಂತಾಗದು. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ ನಡೆದು ೨೦೦೫ರಲ್ಲಿ ಪ್ರಕಟವಾದ ಶೋಧನೆಯಲ್ಲಿ, ಗುಣಹೊಂದಿದವರಿಗೆ ಹೊಸ ಸೋಂಕಿನಿಂದ ಮತ್ತೆ ಕ್ಷಯವುಂಟಾದ ಪ್ರಮಾಣವು ಉಳಿದವರಿಗೆ ಮೊದಲ ಸಲ ಕ್ಷಯ ಬಂದ ಪ್ರಮಾಣಕ್ಕಿಂತ ಸುಮಾರು ೪ ಪಟ್ಟು ಹೆಚ್ಚಾಗಿತ್ತು.

ಇದನ್ನು ಕೇಳಿ ಎದೆಗುಂದಬೇಕಾದುದಿಲ್ಲ, ಎಚ್ಚರವಾಗಿದ್ದರೆ ಸಾಕು. ಒಮ್ಮೆ ಗುಣವಾದವನಿಗೆ ಎರಡು ವಾರ ಕೆಮ್ಮು ನಿಲ್ಲದಿದ್ದರೆ, ಸಂಜೆ ಜ್ವರ ಕಾಣಿಸಿದರೆ, ಮೈ ಇಳಿದರೆ, ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫವನ್ನು ಪರೀಕ್ಷೆ ಮಾಡಿಸತಕ್ಕದ್ದು. ಹೊಗೆಸೊಪ್ಪನ್ನು ಬಿಡತಕ್ಕದ್ದು. ಅನ್ನವೇ ಇಲ್ಲಿ ದೊಡ್ಡ ಕವಚ. ಝಾರ್ಖಂಡದಲ್ಲಿ ರೋಗಿಗಳ ಮನೆಯವರಿಗೆ ಧಾನ್ಯ, ಬೇಳೆಗಳನ್ನು ಹೆಚ್ಚಾಗಿ ಕೊಟ್ಟು ನೋಡಿದಾಗ ಅವರಲ್ಲಿ ಹೊಸ ಕ್ಷಯವು ಸುಮಾರು ನೂರಕ್ಕೆ ೪೦ರಷ್ಟು ಕಡಿಮೆಯಾಯಿತೆಂದು ೨೦೨೩ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯಲ್ಲಿರುವ ರೋಗಿಗೆ ಆಹಾರಕ್ಕಾಗಿ ಭಾರತ ಸರ್ಕಾರವು ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿಗಳನ್ನು ಕೊಡುತ್ತಿದ್ದು, ೨೦೨೪ರ ನವೆಂಬರಿನಿಂದ ಅದನ್ನು ೧೦೦೦ಕ್ಕೆ ಏರಿಸಿದೆ.

ಇಷ್ಟಿದ್ದರೂ ರೋಗಿಯು ಕೆಮ್ಮನ್ನು ಮುಚ್ಚಿಡುವುದೇಕೆ? ನೆಂಟರು ದೂರವಾದಾರು, ಮಗಳ ಮದುವೆಯ ಮಾತು ಮುರಿದೀತು ಎಂಬ ಭಯದಿಂದ. ಗುಣವಾದವನು ಯಾರಿಗೂ ರೋಗವನ್ನು ಹಂಚುವವನಲ್ಲ. ಪ್ರಸಾದದ ಪಂಕ್ತಿಯಲ್ಲಿ ಅವನನ್ನು ಬದಿಗೆ ಕೂಡಿಸುವವನು, ಆತನು ಮುಂದೆ ಕೆಮ್ಮಿದಾಗ ಬಾಯಿ ಬಿಡದಂತೆ ಮಾಡುವನು. ಆ ಮೌನದಿಂದ ರೋಗವು ಮನೆಮನೆಗೆ ಹರಡುವುದು. ಆದುದರಿಂದ ಅವನನ್ನು ನಡುವೆ ಕೂಡಿಸಿ, ಹೊಟ್ಟೆತುಂಬ ಬಡಿಸಿ, ಆರೋಗ್ಯವನ್ನು ವಿಚಾರಿಸುವುದು ಭಕ್ತರೆಲ್ಲರ ಕರ್ತವ್ಯವು. ಉಕ್ಕಿನಂತೆ ಗಡುಸಾಗದ ಆ ದೇಹಕ್ಕೆ ನೆರೆಹೊರೆಯವರ ಕರುಣೆಯೇ ಎರಡನೆಯ ಗೋಡೆಯಾಗಲಿ.