ತಾಮ್ರದ ಹಲಗೆ ಕೊರೆಯುವ ಬಗೆ



ಮರದ ಮೇಲೆ ಚಿತ್ತಾರ ಕೊರೆಯಲೆಂದು ಮಾಡಿದ ‘೩೦೧೮’ ಎಂಬ ಅಗ್ಗದ ಯಂತ್ರದಲ್ಲೇ ನಾವು ರೇಡಿಯೋದಂಥ ಸಾಧನಗಳ ಸರ್ಕೀಟು ಹಲಗೆಯನ್ನು ಕೊರೆದುಕೊಳ್ಳಬಹುದು. ಸಾಮಾನ್ಯ ಹಲಗೆಯ ದಪ್ಪ ೧.೬ ಮಿ.ಮೀ.; ಅದರ ಮೇಲಿನ ತಾಮ್ರ ಕೇವಲ ೦.೦೩೫ ಮಿ.ಮೀ. ಚೂಪು ಮೊನೆ ತಾಮ್ರದಲ್ಲಿ ಕಾಲುವೆ ತೆಗೆದು ಗೆರೆಗಳನ್ನು ಬೇರ್ಪಡಿಸುತ್ತದೆ. ಹಲಗೆ ತುಸು ಬಾಗಿದ್ದರೂ ಒಂದು ಕಡೆ ತಾಮ್ರ ಉಳಿದೀತು, ಇನ್ನೊಂದು ಕಡೆ ಗೆರೆಯೇ ಹಾರೀತು. ಆದ್ದರಿಂದ ಮೊನೆಗೊಂದು, ತಾಮ್ರಕ್ಕೊಂದು ತಂತಿ ಕಟ್ಟಿ, ಹತ್ತಾರು ಕಡೆ ಮುಟ್ಟಿಸಿ ಏರುತಗ್ಗು ಅಳೆಯಬೇಕು. ದೋಸೆಕಲ್ಲಿನ ತಗ್ಗನ್ನು ಬಲ್ಲ ನಮ್ಮವರಿಗೆ ಇದೇನು ಮಹಾ!

ಧೂಳಿನ ಮಾತು ಬೇರೆ. ಹತ್ತಿಯ ಧೂಳು ಗಿರಣಿ ಕಾರ್ಮಿಕರ ಉಸಿರನ್ನು ಹೇಗೆ ತಿಂದಿತೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಗಾಜುನಾರಿನ ಹಲಗೆಯ ಧೂಳೂ ಎದೆಗೆ ಕೆಟ್ಟದ್ದೇ. ಮಕ್ಕಳು ಮಲಗುವ ಖೋಲಿಯಲ್ಲಿ ಈ ಕೆಲಸ ಬೇಡವೇ ಬೇಡ. ಮೂಗುಬಾಯಿಗೆ ಒಳ್ಳೆಯ ಮಾಸ್ಕ್ ಇರಲಿ. ಧೂಳನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರಸಿ. ಕಲಿಯುವವರು ಮೊದಲು ಗಾಜಿಲ್ಲದ, ಕಾಗದ-ರಾಳದ ಹಲಗೆಯನ್ನೇ ಕೇಳಿ ಕೊಳ್ಳಿ.