ವರದಿಗೆ ಸಿಕ್ಕ ದನಿ



ರಾಜಕೀಯದ ಮಾತು ಹಾಡು, ಸಿನಿಮಾಗಳ ಬೆನ್ನೇರಿ ಏಕೆ ಹಬ್ಬುತ್ತದೆ? ಗೋಕಾಕ್ ಚಳವಳಿಯನ್ನೇ ನೋಡಿ. ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ಸಮಿತಿ ವರದಿ ಕೊಟ್ಟಿತು. ಸಾಹಿತಿಗಳು ಹೋರಾಟಕ್ಕಿಳಿದರು. ಆದರೂ ‘ಪ್ರಥಮ ಭಾಷೆ’ ಎಂಬುದು ಶಾಲೆಯ ಮೆಟ್ಟಿಲು ಹತ್ತದವರಿಗೆ ಕಚೇರಿಯ ಮಾತೇ ತಾನೆ? 1982ರಲ್ಲಿ ರಾಜ್‌ಕುಮಾರ್ ಊರೂರು ಸುತ್ತಿದಾಗ ಜನ ಹೊಳೆಯಾಗಿ ಹರಿದರು. ಟೆಂಟಿನಲ್ಲಿ, ರೇಡಿಯೋದಲ್ಲಿ ವರ್ಷಗಟ್ಟಲೆ ಕೇಳಿ ಮನೆಯವರದೇ ಆಗಿದ್ದ ದನಿ ಅದು. ಮನೆಯವರ ಮಾತಿಗೆ ಪುರಾವೆ ಯಾರು ಕೇಳುತ್ತಾರೆ?

ನನಗೆ ಅಳುಕಿರುವುದೂ ಅಲ್ಲೇ. ಬಂದವರಲ್ಲಿ ವರದಿ ಓದಿದವರೆಷ್ಟೋ, ಅಣ್ಣಾವ್ರನ್ನು ನೋಡಲು ಬಂದವರೆಷ್ಟೋ! ಅಂದು ಆ ದನಿಯ ಹಿಂದೆ ನ್ಯಾಯವಾದ ಬೇಡಿಕೆಯಿತ್ತು, ನಮ್ಮ ಪುಣ್ಯ. ದ್ವೇಷವೂ ಅದೇ ದಾರಿಯಲ್ಲಿ, ಅದೇ ತಾಳಕ್ಕೆ ಹೆಜ್ಜೆಹಾಕಿ ಬರುತ್ತದೆ. ನಮ್ಮ ಜಾತ್ರೆಯ ಮೈಕಿನಲ್ಲಿ ಮೊಳಗುವ ಹಾಡುಗಳ ಸಾಲುಗಳನ್ನು ಯಾರಾದರೂ ಮೊದಲೇ ಓದಿ ನೋಡುತ್ತಾರೆಯೇ?